ಬಿಚ್ಚಿದರೆ ಹಲಗೆ, ಜೋಡಿಸಿದರೆ ಲ್ಯಾಪ್‌ಟಾಪ್

ಮಕ್ಕಳೇ, ಈ ವಾರ ಒಂದು ಒಗಟಿನಿಂದ ಶುರು ಮಾಡೋಣ. ಬಿಚ್ಚಿದರೆ ಬರೆಯುವ ಹಲಗೆ, ಜೋಡಿಸಿದರೆ ಟೈಪು ಹೊಡೆಯುವ ಯಂತ್ರ. ತಲೆ ಭಾರ, ಕಾಲು ಹಗುರ. ಬೆನ್ನಿಗೆ ಆಸರೆ ಕೊಡದಿದ್ದರೆ ಮಲಗಿಯೇ ಬಿಡುತ್ತದೆ. ಏನದು?

ಅಜ್ಜ-ಅಜ್ಜಿಯರು ತಲೆ ಕೆರೆದುಕೊಳ್ಳುವಷ್ಟರಲ್ಲಿ ಮೊಮ್ಮಕ್ಕಳು ಉತ್ತರ ಹೇಳಿರುತ್ತೀರಿ. ಕೀಬೋರ್ಡನ್ನು ಕಳಚಿ ಪಕ್ಕಕ್ಕಿಡಬಹುದಾದ ಟ್ಯಾಬ್ಲೆಟ್ ಲ್ಯಾಪ್‌ಟಾಪ್. ಅಂಗಡಿಯಲ್ಲಿ ಇದಕ್ಕೆ ‘ಡಿಟ್ಯಾಚಬಲ್’ ಎನ್ನುತ್ತಾರೆ. ‘ಟೂ ಇನ್ ಒನ್’ ಎಂದೂ ಕರೆಯುವುದುಂಟು. ಆದರೆ ಆ ಹೆಸರನ್ನು ಕೀಬೋರ್ಡ್ ಕಳಚದೆ ಪರದೆಯನ್ನು ಪೂರಾ ಹಿಂದಕ್ಕೆ ಮಡಚುವ ಲ್ಯಾಪ್‌ಟಾಪಿಗೂ ಇಟ್ಟಿದ್ದಾರೆ. ಕೇಳುವಾಗ ಯಾವುದು ಎಂದು ಬಿಡಿಸಿ ಕೇಳಬೇಕು.

ಈ ಯಂತ್ರದ ವಿಷಯ ನನ್ನ ಬಳಿ ಬಂದದ್ದು ತಂಗಿಯ ಮಗಳಿಂದ. ಅವಳಿರುವುದು ತಿಪಟೂರಿನಲ್ಲಿ. ತಿಪಟೂರು ಎಂದರೆ ಉಂಡೆ ಕೊಬ್ಬರಿಯ ಪೇಟೆ. ಅಲ್ಲಿನ ಮಂಡಿಗಳು, ಸಣ್ಣ ಅಂಗಡಿಗಳು, ಒಂದೆರಡು ಎಣ್ಣೆ ಗಿರಣಿಗಳ ಲೆಕ್ಕ ಬರೆದು ಜಿಎಸ್‌ಟಿ ರಿಟರ್ನ್ ಸಲ್ಲಿಸಿಕೊಡುವುದು ಅವಳ ಕಸುಬು. ಹಳೆಯ ಲ್ಯಾಪ್‌ಟಾಪ್ ಕೈಕೊಟ್ಟಿತ್ತು. ಬ್ಯಾಂಕಿನ ಆರ್‌ಡಿ ಮುಗಿದು 70,000 ರೂ. ಕೈಗೆ ಬಂದಿತ್ತು. ‘ಮಾವ, ಈ ದುಡ್ಡಿನಲ್ಲಿ ಒಂದು ಡಿಟ್ಯಾಚಬಲ್ ತೊಗೊಳ್ಳಲಾ? ನೀವೇನಂತೀರಿ?’ ಎಂದು ಕೇಳಿದಳು.

ಪ್ರಶ್ನೆ ಚಿಕ್ಕದು, ಆದರೆ ಅದರ ಹಿಂದಿನ ಹೊರೆ ಚಿಕ್ಕದಲ್ಲ. ತಿಂಗಳು ತಿಂಗಳು ರಿಟರ್ನ್ ಕೊಡುವ ವ್ಯಾಪಾರಿಗಳಿಗೆ ಹಿಂದಿನ ತಿಂಗಳ ಜಿಎಸ್‌ಟಿಆರ್-3ಬಿ ಸಲ್ಲಿಸಲು 20ನೇ ತಾರೀಖು ಕಡೆಯ ದಿನ. ಒಂದು ದಿನ ತಡವಾದರೆ 50 ರೂ. ವಿಳಂಬ ಶುಲ್ಕ. ತೆರಿಗೆ ಬಾಕಿ ಇದ್ದರೆ ಬಡ್ಡಿ ಬೇರೆ. ಯಂತ್ರ 19ರ ರಾತ್ರಿ ಮುಷ್ಕರ ಹೂಡಿದರೆ ದಂಡ ತೆರುವವರು ಗಿರಾಕಿಗಳು, ಗಿರಾಕಿಗಳನ್ನು ಕಳೆದುಕೊಳ್ಳುವವಳು ಇವಳು. ಆರ್‌ಡಿ ಕಟ್ಟಿದ ದುಡ್ಡು ಎರಡನೇ ಸಲ ಬರುವುದಿಲ್ಲ.

ಶಾನುಭೋಗರ ಕಡತ

ಯಂತ್ರ ಹೊಸದು, ಆಸೆ ಹಳೆಯದು. ಹಿಂದೆ ನಮ್ಮ ಶಾನುಭೋಗರು, ವರ್ತಕರು ‘ಕಡತ’ ಎಂಬ ಪುಸ್ತಕ ಇಟ್ಟುಕೊಳ್ಳುತ್ತಿದ್ದರು. ಬಟ್ಟೆಗೆ ಹುಣಸೆ ಬೀಜದ ಅಂಟು, ಇದ್ದಿಲ ಪುಡಿ ಸೇರಿಸಿ ಬಳಿದು ಒಣಗಿಸಿದರೆ ಅದು ಕಪ್ಪು ಹಲಗೆಯಂತಾಗುತ್ತಿತ್ತು. ಹಿಂದಕ್ಕೂ ಮುಂದಕ್ಕೂ ಮಡಿಕೆ ಹಾಕಿ ಕಂಕುಳಲ್ಲಿಟ್ಟುಕೊಂಡು ಹೊಲಕ್ಕೆ, ಸಂತೆಗೆ ಹೋಗಬಹುದು. ಬಳಪದಲ್ಲಿ ಬರೆಯಬಹುದು, ಬೇಡವಾದಾಗ ಒರೆಸಿ ಮತ್ತೆ ಬರೆಯಬಹುದು. ಇಂದು ಕಚೇರಿಯ ಫೈಲಿಗೆ ಕಡತ ಎನ್ನುತ್ತೇವಲ್ಲ, ಆ ಮಾತು ಅಲ್ಲಿಂದ ಬಂದದ್ದು.

ಲೆಕ್ಕ ಹುಟ್ಟುವ ಜಾಗದಲ್ಲೇ ಲೆಕ್ಕ ಬರೆಯಬೇಕು ಎಂಬುದು ಕಡತದ ಗುಟ್ಟು. ಡಿಟ್ಯಾಚಬಲ್ ಯಂತ್ರದ ಗುಟ್ಟೂ ಅದೇ. ಮಂಡಿಯಲ್ಲಿ ಮೇಜಿಲ್ಲ. ಗೋಣಿಚೀಲಗಳ ನಡುವೆ ನಿಂತು ಬಿಲ್ಲು ನೋಡಬೇಕು. ನನ್ನ ಸೊಸೆ ಇಷ್ಟು ದಿನ ಅಲ್ಲಿ ಕಾಗದದ ಮೇಲೆ ಗುರುತು ಹಾಕಿಕೊಂಡು, ರಾತ್ರಿ ಮನೆಗೆ ಬಂದು ಅದನ್ನೇ ಮತ್ತೆ ಟೈಪು ಮಾಡುತ್ತಿದ್ದಳು. ಒಂದೇ ಅಂಕಿಯನ್ನು ಎರಡು ಸಲ ಬರೆದರೆ ತಪ್ಪಿಗೆ ಎರಡು ಬಾಗಿಲು ತೆರೆದಂತೆ. 4,860 ಎಂಬುದು ನಿದ್ದೆಗಣ್ಣಿನಲ್ಲಿ 4,680 ಆಗುತ್ತದೆ.

ಹೀಗೆ ಅಕ್ಕಪಕ್ಕದ ಎರಡು ಅಂಕಿ ಅದಲುಬದಲಾದಾಗ ಬರುವ ವ್ಯತ್ಯಾಸ ಯಾವಾಗಲೂ 9ರಿಂದ ಭಾಗವಾಗುತ್ತದೆ. ಇಲ್ಲಿ ವ್ಯತ್ಯಾಸ 180, ಅಂದರೆ 9 ಇಪ್ಪತ್ತಲೆ. ಬ್ಯಾಂಕಿನಲ್ಲಿ ದಿನದ ಲೆಕ್ಕ ತಾಳೆಯಾಗದಿದ್ದರೆ ನಾವು ಮೊದಲು ವ್ಯತ್ಯಾಸವನ್ನು 9ರಿಂದ ಭಾಗಿಸಿ ನೋಡುತ್ತಿದ್ದೆವು. ಶೇಷ ಉಳಿಯದಿದ್ದರೆ ಅಂಕಿ ಅದಲುಬದಲಾಗಿರಬಹುದೆಂದು ಅನುಮಾನ ಪಡುತ್ತಿದ್ದೆವು. ಮಕ್ಕಳೇ, ನಿಮ್ಮ ನೋಟ್‌ಬುಕ್ಕಿನಲ್ಲಿ ಬೇರೆ ಬೇರೆ ಸಂಖ್ಯೆ ಹಾಕಿ ಇದನ್ನು ಪರೀಕ್ಷಿಸಿ.

ತಲೆ ಭಾರ, ಕಾಲು ಹಗುರ

ಮಾಮೂಲು ಲ್ಯಾಪ್‌ಟಾಪಿನಲ್ಲಿ ಮಿದುಳು, ಬ್ಯಾಟರಿ, ಫ್ಯಾನು ಎಲ್ಲವೂ ಕೀಬೋರ್ಡಿನ ಕೆಳಗಿರುತ್ತವೆ. ಮೇಲಿನದು ಬರೀ ಪರದೆ. ಅದಕ್ಕೇ ಅದು ತೊಡೆಯ ಮೇಲೂ ಗಟ್ಟಿಯಾಗಿ ಕೂರುತ್ತದೆ. ಡಿಟ್ಯಾಚಬಲ್‌ನಲ್ಲಿ ಎಲ್ಲವೂ ಪರದೆಯ ಬೆನ್ನಿಗೆ ಹೋಗಿದೆ. ಕೀಬೋರ್ಡ್ ಎಂಬುದು ಆಯಸ್ಕಾಂತದಿಂದ ಅಂಟಿಕೊಳ್ಳುವ ತೆಳು ಹೊದಿಕೆ. ಈ ಒಂದು ಸಂಗತಿ ತಿಳಿದರೆ ಉಳಿದದ್ದೆಲ್ಲ ತಾನಾಗಿ ತಿಳಿಯುತ್ತದೆ.

ತಲೆ ಭಾರವಾದ್ದರಿಂದ ಬೆನ್ನಿಗೆ ಆಸರೆ ಬೇಕು. ಕೆಲವಕ್ಕೆ ಹಿಂಬದಿಯಲ್ಲೇ ತೆರೆದುಕೊಳ್ಳುವ ಸ್ಟ್ಯಾಂಡ್ ಇರುತ್ತದೆ. ಸ್ಟ್ಯಾಂಡ್ ಹಿಂದಕ್ಕೆ ಚಾಚುತ್ತದೆ, ಕೀಬೋರ್ಡ್ ಮುಂದಕ್ಕೆ ಚಾಚುತ್ತದೆ. ಎರಡೂ ಸೇರಿ ಲ್ಯಾಪ್‌ಟಾಪಿಗಿಂತ ಹೆಚ್ಚು ಉದ್ದದ ಜಾಗ ಕೇಳುತ್ತವೆ. ಮೇಜಿನ ಮೇಲೆ ತೊಂದರೆಯಿಲ್ಲ. ಬಸ್ಸಿನಲ್ಲಿ ತೊಡೆಯ ಮೇಲಿಟ್ಟರೆ ಸ್ಟ್ಯಾಂಡಿನ ಅಂಚು ಮಂಡಿಯಿಂದ ಜಾರಬಹುದು.

ಬಿಸಿಯೂ ಪರದೆಯ ಹಿಂದೆಯೇ ಹುಟ್ಟುತ್ತದೆ. ಕೈಯಲ್ಲಿ ಹಿಡಿದಾಗ ಅದು ಬೆರಳಿಗೆ ತಿಳಿಯುತ್ತದೆ. ಫ್ಯಾನು ಇಲ್ಲದ ಮಾದರಿಗಳು ಸದ್ದು ಮಾಡುವುದಿಲ್ಲ, ದೂಳನ್ನೂ ಒಳಗೆ ಎಳೆದುಕೊಳ್ಳುವುದಿಲ್ಲ. ಆದರೆ ಭಾರೀ ಕೆಲಸ ಬಹಳ ಹೊತ್ತು ಕೊಟ್ಟರೆ ಬಿಸಿಯಾಗಿ ನಿಧಾನವಾಗುತ್ತವೆ. ಇನ್ನು ತೆಳು ಮೈಯಲ್ಲಿ ಜಾಗವಿಲ್ಲದ್ದರಿಂದ ಬಹುತೇಕ ಮಾದರಿಗಳಲ್ಲಿ ರ‍್ಯಾಮ್ ಅನ್ನು ಬೆಸುಗೆ ಹಾಕಿಬಿಟ್ಟಿರುತ್ತಾರೆ. ‘ಈಗ 8 ಜಿಬಿ ಸಾಕು, ಆಮೇಲೆ ಹಾಕಿಸೋಣ’ ಎಂಬ ಮಾತು ಇಲ್ಲಿ ನಡೆಯುವುದಿಲ್ಲ. ನಾಲ್ಕೈದು ವರ್ಷ ದುಡಿಸುವುದಾದರೆ ಮೊದಲೇ 16 ಜಿಬಿ ತೆಗೆದುಕೊಳ್ಳುವುದು ಲೇಸು.

ಯಂತ್ರಕ್ಕಿಂತ ಮೊದಲು ದಿನಚರಿ

ಅಂಗಡಿಗೆ ಹೋಗುವ ಮೊದಲು ಅವಳಿಗೆ ಒಂದು ಕೆಲಸ ಹೇಳಿದೆ. ‘ಒಂದು ವಾರ, ಎಲ್ಲಿ ಎಷ್ಟು ಹೊತ್ತು ಹೇಗೆ ಕೂತು ಕೆಲಸ ಮಾಡಿದೆ ಅಂತ ಬರೆದಿಡು ಮಗು’ ಎಂದೆ. ಮೂರು ಕಾಲಂ ಸಾಕು: ಮೇಜಿನ ಮುಂದೆ, ಮೇಜಿಲ್ಲದೆ ಕೈಯಲ್ಲಿ ಹಿಡಿದು, ತೊಡೆಯ ಮೇಲೆ.

ವಾರದ ಕೊನೆಗೆ ಒಟ್ಟು 40 ಗಂಟೆ ಬಂತು. ಮನೆಯ ಮೇಜಿನಲ್ಲಿ 22. ಮಂಡಿ, ಅಂಗಡಿ, ಗಿರಣಿಗಳಲ್ಲಿ ನಿಂತೋ ಚೀಲದ ಮೇಲೆ ಕೂತೋ 13. ಅರಸೀಕೆರೆಗೆ ಹೋಗಿಬರುವ ರೈಲಿನಲ್ಲಿ ತೊಡೆಯ ಮೇಲೆ 5. ಹೆಚ್ಚುಕಡಿಮೆ ಮೂರನೇ ಒಂದು ಭಾಗ ಮೇಜಿಲ್ಲದ ಕೆಲಸ. ಎರಡು ಸಲ ಬರೆಯುವ ಶ್ರಮ ಹುಟ್ಟುವುದೂ ಆ 13 ಗಂಟೆಯಲ್ಲೇ. ಹಾಗಾಗಿ ಕಳಚುವ ಯಂತ್ರದ ಯೋಚನೆ ಅವಳಿಗೆ ಬರೀ ಶೋಕಿಯಲ್ಲ.

ಅದೇ ವಾರ ನಮ್ಮ ಎದುರು ಮನೆಯವರೂ ಇದೇ ಯಂತ್ರ ಕೊಳ್ಳುವ ಮಾತಾಡಿದರು. ಅವರದು ಡಿಟಿಪಿ ಕೆಲಸ. ಬೆಳಗಿನಿಂದ ರಾತ್ರಿಯವರೆಗೆ ಒಂದೇ ಕುರ್ಚಿ, ಒಂದೇ ಮೇಜು, ಲಗ್ನಪತ್ರಿಕೆ ಮತ್ತು ಕರಪತ್ರ. ಅವರ ಪಟ್ಟಿಯಲ್ಲಿ ಎರಡನೇ ಕಾಲಂ ಸೊನ್ನೆ. ಅವರಿಗೆ ಬೇಕಾದದ್ದು ದೊಡ್ಡ ಪರದೆ, ಆಳವಾಗಿ ಒತ್ತುವ ಗಟ್ಟಿ ಕೀಲಿಗಳು. ಅದೇ ದುಡ್ಡಿಗೆ ಮಾಮೂಲು ಲ್ಯಾಪ್‌ಟಾಪೋ ಡೆಸ್ಕ್‌ಟಾಪೋ ಹೆಚ್ಚು ಶಕ್ತಿ ಕೊಡುತ್ತದೆ. ‘ಕಳಚದವರಿಗೆ ಕಳಚುವ ಯಂತ್ರ ಯಾಕೆ ಸ್ವಾಮಿ?’ ಎಂದೆ. ನಕ್ಕು ಒಪ್ಪಿದರು.

ನನ್ನ ಕೈಲೆಕ್ಕದ ಸೂತ್ರ ಇಷ್ಟು: ಎರಡನೇ ಕಾಲಂ ಒಟ್ಟಿನ ಕಾಲು ಭಾಗವನ್ನಾದರೂ ಮುಟ್ಟದಿದ್ದರೆ ಡಿಟ್ಯಾಚಬಲ್ ಬೇಡ. ಮೂರನೇ ಕಾಲಂ, ಅಂದರೆ ತೊಡೆಯ ಮೇಲಿನದು, ಎಲ್ಲಕ್ಕಿಂತ ದೊಡ್ಡದಾಗಿದ್ದರಂತೂ ಖಂಡಿತ ಬೇಡ.

ಒಳಗಿನ ಭಾಷೆ

ಹೊರಗಿನಿಂದ ಎಲ್ಲ ಡಿಟ್ಯಾಚಬಲ್‌ಗಳೂ ಅಣ್ಣತಮ್ಮಂದಿರಂತೆ ಕಾಣುತ್ತವೆ. ಒಳಗೆ ಬೇರೆ ಬೇರೆ ಮನೆತನ. ಇದಕ್ಕೊಂದು ಕಥೆಯಿದೆ.

2012ರ ಅಕ್ಟೋಬರಿನಲ್ಲಿ ಮೈಕ್ರೋಸಾಫ್ಟ್ ಕಂಪನಿ ‘ಸರ್ಫೇಸ್ ಆರ್‌ಟಿ’ ಎಂಬ ಡಿಟ್ಯಾಚಬಲ್ ತಂದಿತು. ನೋಡಲು ಥೇಟ್ ವಿಂಡೋಸ್. ಆದರೆ ಅದರ ಚಿಪ್ ‘ಆರ್ಮ್’ ಎಂಬ ಬೇರೆ ಜಾತಿಯದು. ವರ್ಷಗಟ್ಟಲೆ ಜನ ಬಳಸಿದ್ದ ಹಳೆಯ ವಿಂಡೋಸ್ ತಂತ್ರಾಂಶಗಳು ಅದರಲ್ಲಿ ನಡೆಯಲಿಲ್ಲ. ಕನ್ನಡ ಮಾತ್ರ ಬಲ್ಲವನ ಕೈಗೆ ತಮಿಳು ಪುಸ್ತಕ ಕೊಟ್ಟಂತಾಯಿತು. ಮಾರಾಟ ಸೊರಗಿತು. 2013ರ ಜುಲೈನಲ್ಲಿ ಕಂಪನಿ ಆ ದಾಸ್ತಾನಿನ ಬಾಬ್ತು 90 ಕೋಟಿ ಡಾಲರ್ ನಷ್ಟವನ್ನು ತನ್ನ ಲೆಕ್ಕದಲ್ಲಿ ತೋರಿಸಬೇಕಾಯಿತು. ಅದೇ ವರ್ಷದ ಆರಂಭದಲ್ಲಿ ಬಂದಿದ್ದ ‘ಸರ್ಫೇಸ್ ಪ್ರೊ’ದಲ್ಲಿ ಇಂಟೆಲ್ ಚಿಪ್ ಇತ್ತು. ಹಳೆಯ ತಂತ್ರಾಂಶ ನಡೆಯಿತು, ಯಂತ್ರದ ವಂಶವೂ ಬೆಳೆಯಿತು.

ಇಂದು ಆರ್ಮ್ ಚಿಪ್ಪಿನ ವಿಂಡೋಸ್ ಯಂತ್ರಗಳು ಬಹಳ ಸುಧಾರಿಸಿವೆ. ಒಳಗೊಬ್ಬ ದುಭಾಷಿ ಕೂತಿದ್ದಾನೆ. ಇಂಟೆಲ್ ಭಾಷೆಯ ಬಹುಪಾಲು ತಂತ್ರಾಂಶಗಳನ್ನು ಅವನು ಅನುವಾದಿಸಿ ನಡೆಸುತ್ತಾನೆ. ಬ್ಯಾಟರಿಯೂ ಚೆನ್ನಾಗಿ ಬಾಳುತ್ತದೆ. ಆದರೆ ಒಂದು ಕಡೆ ದುಭಾಷಿಯ ಆಟ ನಡೆಯುವುದಿಲ್ಲ. ಪ್ರಿಂಟರು, ಸ್ಕ್ಯಾನರು ಮುಂತಾದ ಉಪಕರಣಗಳನ್ನು ಯಂತ್ರಕ್ಕೆ ಪರಿಚಯಿಸುವ ‘ಡ್ರೈವರ್’ ಎಂಬ ಪುಟ್ಟ ತಂತ್ರಾಂಶ ಇರುತ್ತದಲ್ಲ, ಅದನ್ನು ಆರ್ಮ್ ಭಾಷೆಯಲ್ಲೇ ಬರೆದಿರಬೇಕು. ಇಲ್ಲದಿದ್ದರೆ ಉಪಕರಣ ಕೆಲಸ ಮಾಡುವುದಿಲ್ಲ.

ನನ್ನ ಸೊಸೆಯ ಕಸುಬಿನ ಜೀವ ಇರುವುದು ಇಲ್ಲಿ. ಕಂಪನಿಗಳ ರಿಟರ್ನಿಗೆ ಡಿಜಿಟಲ್ ಸಹಿ ಬೇಕು. ಆ ಸಹಿ ಇರುವುದು ಪೆನ್‌ಡ್ರೈವ್‌ನಂತೆ ಕಾಣುವ ಯುಎಸ್‌ಬಿ ಟೋಕನ್ನಿನಲ್ಲಿ. ಗಿರಣಿ ಮಾಲೀಕರು ಅದನ್ನು ಅವಳ ಯಂತ್ರಕ್ಕೆ ಚುಚ್ಚಿ, ತಮ್ಮ ಕೈಯಾರೆ ಪಾಸ್‌ವರ್ಡ್ ಹೊಡೆದು ಸಹಿ ಹಾಕುತ್ತಾರೆ. ಟೋಕನ್ನನ್ನು ಯಂತ್ರ ಗುರುತಿಸದಿದ್ದರೆ ಉಳಿದ ಬೆಡಗೆಲ್ಲ ದಂಡ. ಜೊತೆಗೆ ಅವಳಿಗೆ ಟ್ಯಾಲಿ ಬೇಕು. ಬೆಂಗಳೂರಿನ ಕಂಪನಿಯೇ ಮಾಡಿದ ಈ ಲೆಕ್ಕದ ತಂತ್ರಾಂಶವನ್ನು ವಿಂಡೋಸ್ ಯಂತ್ರಕ್ಕೆ ಹಾಕಿಕೊಳ್ಳಬೇಕು. ಐಪ್ಯಾಡ್, ಆಂಡ್ರಾಯ್ಡ್ ಟ್ಯಾಬ್ಲೆಟ್‌ಗಳಿಗೂ ಕೀಬೋರ್ಡ್ ಜೋಡಿಸಬಹುದು. ಅವು ಹಗುರ, ಚಿತ್ರ ಬಿಡಿಸುವವರಿಗೆ, ಪಾಠ ಹೇಳುವವರಿಗೆ ಒಳ್ಳೆಯ ಸಂಗಾತಿಗಳು. ಆದರೆ ವಿಂಡೋಸ್‌ಗಾಗಿ ಬರೆದ ಟ್ಯಾಲಿಯನ್ನು ಅವುಗಳೊಳಗೆ ಹಾಕಲಾಗದು.

ಆದ್ದರಿಂದ ‘ಯಾವ ಬ್ರ್ಯಾಂಡ್?’ ಎಂದು ಕೇಳುವ ಮೊದಲು ‘ನನ್ನ ಕೆಲಸಕ್ಕೆ ಬಿಟ್ಟಿರಲಾಗದ ತಂತ್ರಾಂಶ ಯಾವುದು, ಚುಚ್ಚಲೇಬೇಕಾದ ಉಪಕರಣ ಯಾವುದು?’ ಎಂದು ಚೀಟಿಯಲ್ಲಿ ಬರೆದುಕೊಳ್ಳಿ. ಅವಳ ಚೀಟಿ ಹೀಗಿತ್ತು: ಟ್ಯಾಲಿ, ಟೋಕನ್, ಮನೆಯ ಪ್ರಿಂಟರ್. ಉತ್ತರವೂ ಅಲ್ಲೇ ಇತ್ತು: ವಿಂಡೋಸ್ 11, ಇಂಟೆಲ್ ಅಥವಾ ಎಎಂಡಿ ಚಿಪ್.

ಹಳೆಯ ಯಂತ್ರ ಅಗ್ಗಕ್ಕೆ ಸಿಗುತ್ತದೆಂದು ಕೊಳ್ಳುವವರೂ ಒಂದು ಮಾತು ಗಮನಿಸಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಮಾಮೂಲು ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಲವು ಹಳೆಯ ಡಿಟ್ಯಾಚಬಲ್‌ಗಳು ವಿಂಡೋಸ್ 11ಕ್ಕೆ ಏರಲಾರವು. ಇನ್ನೊಬ್ಬರ ತೆರಿಗೆ ಲೆಕ್ಕ ಇಟ್ಟುಕೊಳ್ಳುವವರು ಬೀಗ ಸಡಿಲವಾದ ಪೆಟ್ಟಿಗೆಯನ್ನು ಕೊಳ್ಳಬಾರದು.

ಹಾಲಿನ ಪೊಟ್ಟಣದ ಪರೀಕ್ಷೆ

ಈಗ ಮಕ್ಕಳ ಸರದಿ. ಅಂಗಡಿಯಲ್ಲಿ ಎರಡು ನಿಮಿಷ ಹಿಡಿದರೆ ಯಾವ ಯಂತ್ರವೂ ಹಗುರವೇ. 13 ಇಂಚಿನ ವಿಂಡೋಸ್ ಡಿಟ್ಯಾಚಬಲ್‌ನ ಹಲಗೆ ಸಾಮಾನ್ಯವಾಗಿ 800ರಿಂದ 900 ಗ್ರಾಂ ತೂಗುತ್ತದೆ. ಕೀಬೋರ್ಡ್ ಸೇರಿದರೆ ಒಂದು ಕಿಲೋ ದಾಟುತ್ತದೆ. ಮನೆಯಲ್ಲಿ ಒಂದು ಲೀಟರಿನ ಹಾಲಿನ ಪೊಟ್ಟಣವನ್ನು ತಟ್ಟೆಯಲ್ಲಿಟ್ಟು ಎಡಗೈಯಲ್ಲಿ ಹಿಡಿದು ನಿಂತುಕೊಳ್ಳಿ. ಬಲಗೈಯಲ್ಲಿ ಬರೆಯುವಂತೆ ನಟಿಸಿ. ಹತ್ತು ನಿಮಿಷ ಆಗುವುದೇ ನೋಡಿ. ಅಜ್ಜಿ ಗಡಿಯಾರ ನೋಡಲಿ, ಹಾಲು ಚೆಲ್ಲದಿರಲಿ! ನಿಂತು ಕೆಲಸ ಮಾಡುವವರಿಗೆ ಈ ಪರೀಕ್ಷೆ ಕಲಿಸುವಷ್ಟನ್ನು ಯಾವ ಜಾಹೀರಾತೂ ಕಲಿಸದು. ಹೆಗಲಿಗೆ ಹಾಕುವ ಪಟ್ಟಿಯಿರುವ ಕವಚ ಬೇಕೋ ಬೇಡವೋ ಎಂಬುದೂ ಆಗಲೇ ತಿಳಿಯುತ್ತದೆ.

ಎರಡನೆಯದು ಪರದೆಯ ಪರೀಕ್ಷೆ. ಪರದೆಯ ಅಳತೆ ಎಂದರೆ ಮೂಲೆಯಿಂದ ಮೂಲೆಗೆ, ಅಂದರೆ ಕರ್ಣ. ಕರ್ಣ ಒಂದೇ ಆದರೂ ವಿಸ್ತೀರ್ಣ ಒಂದೇ ಅಲ್ಲ. 13 ಇಂಚಿನ ಪರದೆಯ ಅಗಲ-ಎತ್ತರ 16:9ರ ಪ್ರಮಾಣದಲ್ಲಿದ್ದರೆ ಎತ್ತರ ಸುಮಾರು 6.4 ಇಂಚು, ವಿಸ್ತೀರ್ಣ ಸುಮಾರು 72 ಚದರ ಇಂಚು. 3:2 ಪ್ರಮಾಣದಲ್ಲಿದ್ದರೆ ಎತ್ತರ 7.2 ಇಂಚು, ವಿಸ್ತೀರ್ಣ 78 ಚದರ ಇಂಚು. ಹೈಸ್ಕೂಲಿನವರು ಪೈಥಾಗೊರಸ್ ಪ್ರಮೇಯ ಹಾಕಿ ನೋಡಿ. ಸಿನಿಮಾ ನೋಡಲು ಉದ್ದನೆಯ ಪರದೆ ಚೆಂದ. ಲೆಡ್ಜರ್ ಓದಲು ಎತ್ತರದ ಪರದೆ ಚೆಂದ, ಒಂದು ನೋಟಕ್ಕೆ ಹೆಚ್ಚು ಸಾಲು ಸಿಗುತ್ತದೆ.

ಮೂರನೆಯದು ತೂತುಗಳ ಪರೀಕ್ಷೆ. ತೆಳು ಮೈಯಲ್ಲಿ ಒಂದೋ ಎರಡೋ ಯುಎಸ್‌ಬಿ-ಸಿ ಕಿಂಡಿ ಮಾತ್ರ ಇರುವುದುಂಟು. ಟೋಕನ್ನಿನ ಬಾಯಿ ಹಳೆಯ ಅಗಲದ್ದು. ಆಗ ಅಡಾಪ್ಟರ್ ಬೇಕು. ಒಂದೇ ಕಿಂಡಿಯಿದ್ದರೆ ಚಾರ್ಜ್ ಮಾಡುತ್ತಾ ಟೋಕನ್ ಚುಚ್ಚಲಾಗದು, ಹಬ್ ಬೇಕಾಗುತ್ತದೆ. ಟೋಕನ್ನನ್ನೇ ಅಂಗಡಿಗೆ ಒಯ್ದು ಸಹಿ ಆಗುತ್ತದೆಯೇ ಎಂದು ನೋಡಿ ಆಮೇಲೆ ದುಡ್ಡು ಕೊಡಬೇಕು. ನಾಲ್ಕನೆಯದಾಗಿ, ಕುರ್ಚಿಯಲ್ಲಿ ಕೂತು ತೊಡೆಯ ಮೇಲಿಟ್ಟು ಒಂದು ಪುಟ ಟೈಪು ಮಾಡಿ. ಕನ್ನಡದಲ್ಲೂ ನಾಲ್ಕು ಸಾಲು ಹೊಡೆದು ನೋಡಿ.

ಹಣೆಪಟ್ಟಿಯ ಬೆಲೆ, ಬಿಲ್ಲಿನ ಬೆಲೆ

ಡಿಟ್ಯಾಚಬಲ್ ಕೊಳ್ಳುವಾಗ ಜೇಬಿಗೆ ಪೆಟ್ಟು ಬೀಳುವುದು ಇಲ್ಲಿ. ಅನೇಕ ಮಾದರಿಗಳಲ್ಲಿ ದೊಡ್ಡಕ್ಷರದ ಬೆಲೆ ಹಲಗೆಗೆ ಮಾತ್ರ. ಕೀಬೋರ್ಡಿಗೆ ಬೇರೆ, ಪೆನ್ನಿಗೆ ಬೇರೆ. ಚಿತ್ರದಲ್ಲಿ ಮೂರೂ ಒಟ್ಟಿಗೇ ನಗುತ್ತಿರುತ್ತವೆ!

ಅವಳು ತಂದ ಕೊಟೇಶನ್ ಹೀಗಿತ್ತು. ಹಲಗೆ 58,000. ಕೀಬೋರ್ಡ್ 8,500. ಪೆನ್ನು 4,000. ಹಬ್ 1,500. ಕವಚ ಮತ್ತು ಪರದೆಯ ರಕ್ಷಾ ಗಾಜು 2,000. ಒಟ್ಟು 74,000 ರೂ. ಕೈಯಲ್ಲಿದ್ದದ್ದು 70,000. ‘ಪೆನ್ನಲ್ಲಿ ನೀನು ಏನು ಬರೀತೀಯ?’ ಎಂದು ಕೇಳಿದೆ. ಸ್ವಲ್ಪ ಯೋಚಿಸಿ, ‘ಬಿಲ್ಲಿನ ಫೋಟೋ ತೆಗೀತೀನಿ, ಅಂಕಿ ಟೈಪ್ ಮಾಡ್ತೀನಿ ಮಾವ. ಬರೆಯೋದು ಏನೂ ಇಲ್ಲ’ ಎಂದಳು. ಪೆನ್ನು ಪಟ್ಟಿಯಿಂದ ಹೋಯಿತು. ಲೆಕ್ಕ 70,000ಕ್ಕೆ ಸರಿಹೋಯಿತು, ಸಾಲ ಬೇಕಾಗಲಿಲ್ಲ.

ಈ ಬೆಲೆಯಲ್ಲಿ ಶೇ 18 ಜಿಎಸ್‌ಟಿ ಸೇರಿದೆ. ಜಿಎಸ್‌ಟಿ ನೋಂದಣಿ ಇರುವ ವ್ಯಾಪಾರಿ ಉದ್ಯಮಕ್ಕಾಗಿ ಕೊಂಡರೆ ಅದನ್ನು ತಾನು ಕಟ್ಟಬೇಕಾದ ತೆರಿಗೆಯಲ್ಲಿ ಹೊಂದಿಸಿಕೊಳ್ಳಬಹುದು. ನನ್ನ ಸೊಸೆಯ ವರ್ಷದ ವರಮಾನ ನೋಂದಣಿಯ ಮಿತಿಗಿಂತ ಕೆಳಗಿದೆ. ಊರಿಗೆಲ್ಲ ರಿಟರ್ನ್ ಬರೆಯುವವಳಿಗೆ ತನ್ನದೇ ರಿಟರ್ನ್ ಇಲ್ಲ! ಹಾಗಾಗಿ ಪೂರ್ತಿ ಬೆಲೆಯೂ ಅವಳದೇ ಖರ್ಚು.

ಇನ್ನೊಂದು ಲೆಕ್ಕ ಮಕ್ಕಳಿಗೆ ಇಷ್ಟವಾಗಬಹುದು. ಆದಾಯ ತೆರಿಗೆಯಲ್ಲಿ ಕಂಪ್ಯೂಟರಿಗೆ ಸವಕಳಿ ವರ್ಷಕ್ಕೆ ಶೇ 40. ಅಂದರೆ ಪ್ರತಿ ವರ್ಷ ಉಳಿದ ಬೆಲೆಯಲ್ಲಿ ನೂರಕ್ಕೆ ನಲವತ್ತು ಕಳೆಯಬೇಕು. 70,000ದ ಯಂತ್ರ ಒಂದು ವರ್ಷಕ್ಕೆ 42,000, ಎರಡಕ್ಕೆ 25,200, ಮೂರಕ್ಕೆ 15,120, ನಾಲ್ಕಕ್ಕೆ 9,072. ಚಿನ್ನ ಕೊಂಡ ಹಾಗಲ್ಲ ಇದು, ಸೊಪ್ಪು ಕೊಂಡ ಹಾಗೆ. ಬಾಡುವ ಮೊದಲು ಸಾರು ಮಾಡಬೇಕು. ವರ್ಷಕ್ಕೆ 300 ದಿನದಂತೆ ನಾಲ್ಕು ವರ್ಷ ದುಡಿಸಿದರೆ ದಿನಕ್ಕೆ ಬೀಳುವ ಖರ್ಚು ಸುಮಾರು 58 ರೂ. ಒಂದು ರಿಟರ್ನ್ ಒಂದು ದಿನ ತಡವಾದರೆ ಕಟ್ಟುವ 50ಕ್ಕಿಂತ ತುಸು ಹೆಚ್ಚು, ಅಷ್ಟೇ. ದುಡಿಸಿದರೆ ದುಬಾರಿಯಲ್ಲ, ಬೀರುವಿನಲ್ಲಿಟ್ಟರೆ ಬಲು ದುಬಾರಿ.

ಕೊಳ್ಳುವ ದಿನ ವಾರಂಟಿ ಕಾಗದವನ್ನೂ ಓದಿ. ಈ ಯಂತ್ರದಲ್ಲಿ ಗಾಜಿನ ಬೆನ್ನಿಗೇ ಎಲ್ಲ ಅಂಗಗಳಿವೆ. ಕೈಜಾರಿ ಬಿದ್ದರೆ ರಿಪೇರಿ ಖರ್ಚು ದೊಡ್ಡದು. ಮಾಮೂಲು ವಾರಂಟಿ ಬಿದ್ದು ಒಡೆದದ್ದಕ್ಕೆ ಅನ್ವಯಿಸುವುದಿಲ್ಲ. ಅದಕ್ಕೆ ಬೇರೆ ರಕ್ಷಣೆ ಕೊಳ್ಳಬೇಕು. ಸರ್ವಿಸ್ ಕೇಂದ್ರ ನಿಮ್ಮ ಊರಿನಲ್ಲಿದೆಯೋ ದೂರದ ಪಟ್ಟಣದಲ್ಲಿದೆಯೋ ಕೇಳಿ. ಹಳ್ಳಿ-ಪಟ್ಟಣದ ಕಸುಬುದಾರರಿಗೆ ಇದು ಚಿಪ್ಪಿನ ಹೆಸರಿಗಿಂತ ಮುಖ್ಯ.

ಸೊಸೆ ಈಗ ಮಂಡಿಯಲ್ಲಿ ನಿಂತೇ ಬಿಲ್ಲಿನ ಅಂಕಿ ಸೇರಿಸುತ್ತಾಳೆ, ವರ್ತಕರಿಗೆ ಅಲ್ಲೇ ತೋರಿಸಿ ಒಪ್ಪಿಗೆ ಪಡೆಯುತ್ತಾಳೆ. ಮನೆಯಲ್ಲಿ ಹಳೆಯ ದೊಡ್ಡ ಕೀಬೋರ್ಡು, ಮೌಸು ಜೋಡಿಸಿಕೊಂಡು ಕೂರುತ್ತಾಳೆ. ರೈಲಿನಲ್ಲಿ ಮಾತ್ರ ಯಂತ್ರ ಚೀಲದಲ್ಲಿ. ‘ಆ ಐದು ಗಂಟೆ ಕಿಟಕಿ ಆಚೆ ತೆಂಗಿನ ತೋಟ ನೋಡ್ತೀನಿ ಮಾವ’ ಎಂದಳು. ಅದಕ್ಕೂ ಒಂದು ಕಾಲಂ ಇರಲಿ ಎಂದೆ.

ಈ ವಾರದ ಮನೆಲೆಕ್ಕ: ಮೂರಂಕಿಯ ಯಾವುದಾದರೂ ಐದು ಸಂಖ್ಯೆ ಬರೆದು, ಮೊದಲ ಮತ್ತು ಕೊನೆಯ ಅಂಕಿಗಳನ್ನು ಅದಲುಬದಲು ಮಾಡಿ, ದೊಡ್ಡದರಿಂದ ಚಿಕ್ಕದನ್ನು ಕಳೆಯಿರಿ. ವ್ಯತ್ಯಾಸ 9ರಿಂದ ಮಾತ್ರವಲ್ಲ, ಇನ್ನೊಂದು ಎರಡಂಕಿಯ ಸಂಖ್ಯೆಯಿಂದಲೂ ಪ್ರತಿ ಸಲ ಭಾಗವಾಗುತ್ತದೆ. ಅದು ಯಾವುದು? ಉತ್ತರ ಸಿಕ್ಕ ಮೇಲೆ ಅಜ್ಜನಿಗೆ ಹೇಳಿ. ಅವರು ಕಾರಣ ಕೇಳಿದರೆ ಅದನ್ನೂ ಹೇಳಬೇಕು!